ಟರ್ಮಿನಲ್‌ನಲ್ಲಿ ಮಳೆಯ ಪಟ್ಟಿ: ಕಾಲಮ್‌ಗಳು ಒಂದರ ಕೆಳಗೊಂದು ನಿಲ್ಲುವಂತೆ ಮಾಡುವುದು ಹೇಗೆ?

ಮುಲುಂಡ್_ಮಳೆಗಾರ, ಮುಂಬೈ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಬಂತೆಂದರೆ ಮುಂಬೈ, ಪುಣೆ ಮತ್ತು ಗೋವಾ ಭಾಗದ ಕೆಲವು ಊರುಗಳ ದಿನದ ಮಳೆಯನ್ನು ಒಂದು ಸರಳ ಪಠ್ಯ ಕಡತದಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಪ್ರತಿ ಸಾಲಿನಲ್ಲಿ ಊರಿನ ಹೆಸರು, ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯ ಪ್ರಮಾಣ ಮಿಲಿಮೀಟರ್‌ಗಳಲ್ಲಿ, ಕೊನೆಯಲ್ಲಿ ಒಂದು ಷರಾ, ಹೀಗೆ ಮೂರು ಭಾಗಗಳು ಅಲ್ಪವಿರಾಮದಿಂದ ಬೇರ್ಪಟ್ಟಿವೆ. ಹೆಸರು ಮತ್ತು ಷರಾ ಎರಡೂ ಕನ್ನಡದಲ್ಲಿವೆ.

ಕಡತವನ್ನು ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಪಠ್ಯದ ಕಿಟಕಿಯಲ್ಲಿ, ತೆರೆದರೆ ಮಾತ್ರ ಕಣ್ಣಿಗೆ ಹಿಂಸೆಯಾಗುತ್ತದೆ. ಅಲ್ಪವಿರಾಮದ ಬದಲು ಟ್ಯಾಬ್ ಹಾಕಿದರೂ ‘ಪುಣೆ’ಯ ಸಂಖ್ಯೆ ಒಂದು ಕಡೆ, ‘ಸಾಂತಾಕ್ರೂಜ್’ನ ಸಂಖ್ಯೆ ಇನ್ನೊಂದು ಕಡೆ ನಿಲ್ಲುತ್ತದೆ. ಕಚೇರಿಯಲ್ಲಿ ಉಬುಂಟು, ಮನೆಯಲ್ಲಿ ಮ್ಯಾಕ್ ಬಳಸುತ್ತೇನೆ. ಸ್ಪ್ರೆಡ್‌ಶೀಟ್ ತೆರೆಯದೆ, ಆದೇಶದ ಸಾಲಿನಲ್ಲೇ ಇದನ್ನು ಓದುವಂತೆ ಮಾಡಲು ಸಾಧ್ಯವೇ?

ಹಿಂಜವಡಿ_ಹೊರಠಾಣೆ, ಪುಣೆ

ಕಡತವನ್ನು ಕಾಲಮ್ ಆದೇಶಕ್ಕೆ ಪೈಪ್ ಮಾಡಿ (ಒಂದು ಆದೇಶದ ಫಲಿತಾಂಶವನ್ನು ನೇರವಾಗಿ ಇನ್ನೊಂದಕ್ಕೆ ಕೊಡುವುದೇ ಪೈಪ್), ಟಿ ಆಯ್ಕೆ ಕೊಡಿ. ಇದಕ್ಕಿಂತ ಹೆಚ್ಚು ಚರ್ಚಿಸಲು ಇದರಲ್ಲಿ ಏನೂ ಇಲ್ಲ.

ಡೊಂಬಿವಲಿ_ಡೆಬಿಯನ್, ಮುಂಬೈ

ಚರ್ಚಿಸಲು ಬೇಕಾದಷ್ಟು ಇದೆ, ಸ್ವಲ್ಪ ತಾಳ್ಮೆ ಇರಲಿ. ಟಿ ಆಯ್ಕೆ ಮಾತ್ರ ಕೊಟ್ಟರೆ ಕಾಲಮ್ ಆದೇಶವು ಖಾಲಿ ಜಾಗವನ್ನೇ ವಿಭಜಕವೆಂದು ತಿಳಿಯುತ್ತದೆ. ಆಗ ‘ಸಂಜೆ ಜೋರು ಮಳೆ’ ಎಂಬ ಒಂದೇ ಷರಾ ಮೂರು ಕಾಲಮ್‌ಗಳಾಗಿ ಹರಿದುಹೋಗುತ್ತದೆ. ಎಸ್ ಆಯ್ಕೆಯೊಂದಿಗೆ ಅಲ್ಪವಿರಾಮವೇ ವಿಭಜಕ ಎಂದು ತಿಳಿಸಬೇಕು.

ಟ್ಯಾಬ್ ಏಕೆ ಸೋತಿತು ಎಂಬುದಕ್ಕೂ ಸರಳ ಕಾರಣವಿದೆ. ಟ್ಯಾಬ್ ಎಂದರೆ ಇಷ್ಟು ಖಾಲಿ ಜಾಗ ಬಿಡು ಎಂಬ ಆಜ್ಞೆಯಲ್ಲ, ಮುಂದಿನ ನಿಲ್ದಾಣಕ್ಕೆ ಹೋಗು ಎಂಬ ಆಜ್ಞೆ. ಸಾಮಾನ್ಯವಾಗಿ ಪ್ರತಿ 8 ಸ್ಥಾನಗಳಿಗೊಂದು ನಿಲ್ದಾಣವಿರುತ್ತದೆ. 8 ಸ್ಥಾನಗಳಿಗಿಂತ ಚಿಕ್ಕ ಹೆಸರು ಮೊದಲ ನಿಲ್ದಾಣದಲ್ಲಿ ಇಳಿದರೆ, ಅದಕ್ಕಿಂತ ಉದ್ದದ ಹೆಸರು ಎರಡನೆಯದರಲ್ಲಿ ಇಳಿಯುತ್ತದೆ.

ಮುಲುಂಡ್_ಮಳೆಗಾರ, ಮುಂಬೈ

ಧನ್ಯವಾದಗಳು. ಎಸ್ ಆಯ್ಕೆ ಕೊಟ್ಟ ಮೇಲೆ ಕಚೇರಿಯ ಯಂತ್ರದಲ್ಲಿ ಬಹುಮಟ್ಟಿಗೆ ಸರಿಹೋಯಿತು. ಮನೆಯ ಮ್ಯಾಕ್‌ನಲ್ಲಿ ಮಾತ್ರ ವಿಚಿತ್ರ ಕಾಣುತ್ತಿದೆ. ಮಾಪನ ಸಿಗದ ದಿನ ನಾನು ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ಎರಡು ಅಲ್ಪವಿರಾಮಗಳನ್ನು ಒಟ್ಟಿಗೆ ಹಾಕಿರುತ್ತೇನೆ. ಅಂಥ ಸಾಲುಗಳಲ್ಲಿ ಷರಾ ಎಡಕ್ಕೆ ಜಾರಿ ಮಿಲಿಮೀಟರ್‌ನ ಕಾಲಮ್‌ನಲ್ಲಿ ಕುಳಿತಿದೆ. ಒಂದೇ ಕಡತ, ಒಂದೇ ಆದೇಶ, ಫಲಿತಾಂಶ ಮಾತ್ರ ಬೇರೆ.

ಡೊಂಬಿವಲಿ_ಡೆಬಿಯನ್, ಮುಂಬೈ

ಹೆಸರು ಒಂದೇ ಆದರೂ ಅವು ಒಂದೇ ಆದೇಶವಲ್ಲ. ಕಾಲಮ್ ಮೊದಲು ಬಂದದ್ದು ಯುನಿಕ್ಸ್‌ನ ಬಿಎಸ್‌ಡಿ ಶಾಖೆಯ 1990ರ 4.3ಬಿಎಸ್‌ಡಿ ರೀನೋ ಆವೃತ್ತಿಯಲ್ಲಿ, ಮತ್ತು ಮ್ಯಾಕ್‌ನಲ್ಲಿರುವುದು ಆ ಬಿಎಸ್‌ಡಿ ವಂಶದ್ದೇ. ಅದು ಅಕ್ಕಪಕ್ಕದ ವಿಭಜಕಗಳನ್ನು ಒಂದೇ ಎಂದು ನುಂಗಿಬಿಡುತ್ತದೆ. ಲಿನಕ್ಸ್‌ನ ಯುಟಿಲ್-ಲಿನಕ್ಸ್ ಪೊಟ್ಟಣದಲ್ಲಿರುವ ಕಾಲಮ್ 2.23ನೇ ಆವೃತ್ತಿಯಿಂದ ಹಾಗೆ ಮಾಡುವುದನ್ನು ಬಿಟ್ಟು, ಖಾಲಿ ಮನೆಯನ್ನು ಖಾಲಿಯಾಗಿಯೇ ಉಳಿಸುತ್ತದೆ. ಆಮೇಲೆ 2.30ರಲ್ಲಿ ಅದನ್ನು ಬಹುತೇಕ ಹೊಸದಾಗಿ ಬರೆದರು. ದೊಡ್ಡ ಎನ್ ಕೊಟ್ಟು ಶೀರ್ಷಿಕೆ ಇಡುವುದು, ದೊಡ್ಡ ಆರ್ ಕೊಟ್ಟು ಬಲಕ್ಕೆ ಜೋಡಿಸುವುದು, ದೊಡ್ಡ ಓ ಕೊಟ್ಟು ಕಾಲಮ್‌ಗಳ ಕ್ರಮ ಬದಲಿಸುವುದು ಇವೆಲ್ಲ ಅದರ ನಂತರದ ಸೌಲಭ್ಯಗಳು. ಹೋಮ್‌ಬ್ರೂ ಎಂಬ ತಂತ್ರಾಂಶ ಸ್ಥಾಪಕದ ಮೂಲಕ ಮ್ಯಾಕ್‌ನಲ್ಲೂ ಯುಟಿಲ್-ಲಿನಕ್ಸ್ ಹಾಕಿಕೊಳ್ಳಬಹುದು.

ಕೋಥ್ರೂಡ್_ಕಾಮತ, ಪುಣೆ

ಆದೇಶವನ್ನು ಬದಲಿಸುವುದಕ್ಕಿಂತ ದತ್ತಾಂಶವನ್ನು ಸರಿಪಡಿಸುವುದು ಮೇಲು. ಮಾಪನ ಸಿಗದಿದ್ದಾಗ ಖಾಲಿ ಬಿಡದೆ ಒಂದು ಅಡ್ಡಗೆರೆ ಬರೆಯಿರಿ. ಮಳೆಯ ವಿಷಯದಲ್ಲಂತೂ ಇದು ಅತ್ಯಗತ್ಯ, ಏಕೆಂದರೆ ‘ಮಳೆ ಬರಲಿಲ್ಲ’ ಎಂಬುದಕ್ಕೂ ‘ಅಳತೆ ಸಿಗಲಿಲ್ಲ’ ಎಂಬುದಕ್ಕೂ ಅಜಗಜಾಂತರವಿದೆ. ಖಾಲಿ ಮನೆಯನ್ನು ನೋಡಿದವರು ಎರಡರಲ್ಲಿ ಯಾವುದನ್ನು ಬೇಕಾದರೂ ಊಹಿಸಿಕೊಳ್ಳುತ್ತಾರೆ. ಮಿಲ್ಲರ್ ಎಂಬ ಸಾಧನವು ಓದುವುದಕ್ಕಾಗಿ ಸಾಲುಗಳನ್ನು ಜೋಡಿಸುವಾಗ ಖಾಲಿ ಮನೆಗೆ ತಾನಾಗಿಯೇ ಅಡ್ಡಗೆರೆ ಹಾಕುತ್ತದೆ. ಅದನ್ನು ಬರೆದವರಿಗೆ ಈ ಕಷ್ಟ ಗೊತ್ತಿತ್ತು ಎಂದು ಕಾಣುತ್ತದೆ.

ವಾಸ್ಕೋ_ಬಂದರು, ಗೋವಾ

ಸಂಖ್ಯೆಗಳನ್ನು ಬಲಕ್ಕೆ ಜೋಡಿಸಿದರೆ ಸಾಕು ಎಂದು ಯಾರಾದರೂ ಹೇಳುವ ಮೊದಲೇ ಒಂದು ಉದಾಹರಣೆ ಕೊಡುತ್ತೇನೆ. 2005ರ ಜುಲೈ 26ರ ಮಳೆಯನ್ನು ಮುಂಬೈಯವರು ಮರೆತಿರಲಾರರು. ಅಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ದಾಖಲಾದದ್ದು 944.2 ಮಿಲಿಮೀಟರ್, ಅದೇ ನಗರದ ಕೊಲಾಬಾದಲ್ಲಿ 73.4. ಇವೆರಡನ್ನು ಎಡಕ್ಕೆ ಜೋಡಿಸಿದರೆ 9 ಮತ್ತು 7 ಒಂದರ ಕೆಳಗೊಂದು ಬಂದು, ಅವಸರದಲ್ಲಿ ನೋಡುವವರಿಗೆ ಎರಡೂ ಹತ್ತಿರದ ಸಂಖ್ಯೆಗಳಂತೆ ಕಾಣುತ್ತವೆ. ಬಲಕ್ಕೆ ಜೋಡಿಸಿದರೆ ಅಂತರವು ಓದುವ ಮೊದಲೇ ಕಣ್ಣಿಗೆ ಹೊಡೆಯುತ್ತದೆ. ಆದರೆ ಯಾರೋ 944 ಎಂದು ಮಾತ್ರ ಬರೆದು ಕೆಳಗೆ 73.4 ಎಂದು ಬರೆದರೆ, ಬಲಕ್ಕೆ ಜೋಡಿಸಿದಾಗಲೂ ಬಿಡಿ ಸ್ಥಾನದ ಕೆಳಗೆ ದಶಮಾಂಶದ ಅಂಕಿ ಬಂದು ಕೂರುತ್ತದೆ. ಜೋಡಿಸಬೇಕಾದದ್ದು ಅಂಚನ್ನಲ್ಲ, ದಶಮಾಂಶ ಬಿಂದುವನ್ನು.

ಹಿಂಜವಡಿ_ಹೊರಠಾಣೆ, ಪುಣೆ

ಸಾಲುಗಳನ್ನು ಭಾಗ ಮಾಡಿ ಸಂಸ್ಕರಿಸುವ ಆಕ್‌ನಲ್ಲಿ, ಅಗಲ ಹೇಳಿ ಮುದ್ರಿಸುವ ಪ್ರಿಂಟ್‌ಎಫ್ ಬಳಸಿ, ಎಲ್ಲ ಸಂಖ್ಯೆಗಳಿಗೂ ಒಟ್ಟು ಅಗಲ 8, ದಶಮಾಂಶ 1 ಎಂದು ಕೊಡಿ. 944 ಎಂಬುದು 944.0 ಆಗುತ್ತದೆ, ಬಿಂದುಗಳು ತಾವಾಗಿಯೇ ಸಾಲಾಗುತ್ತವೆ.

ಕೋಥ್ರೂಡ್_ಕಾಮತ, ಪುಣೆ

ಇದಕ್ಕೆ ನನ್ನ ತೀವ್ರ ವಿರೋಧವಿದೆ. ವೀಕ್ಷಣಾಲಯದ ಮಾಪಕ ಒಂದು ದಶಮಾಂಶದವರೆಗೆ ಅಳೆಯುತ್ತದೆ ಎಂದಾದರೆ ಅಲ್ಲಿನ 12.0ಕ್ಕೆ ಅರ್ಥವಿದೆ. ಮನೆಯ ಮಾಳಿಗೆಯ ಮೇಲಿಟ್ಟ ಪ್ಲಾಸ್ಟಿಕ್ ಮಾಪಕದಲ್ಲಿ ಕಣ್ಣಂದಾಜಿನಿಂದ 12 ಎಂದು ಓದಿದ್ದನ್ನು 12.0 ಎಂದು ಮುದ್ರಿಸಿದರೆ, ಅಳೆಯದೇ ಇದ್ದ ನಿಖರತೆಯನ್ನು ಅಳೆದಂತೆ ಸಾರಿದ ಹಾಗಾಗುತ್ತದೆ. ಅಂದ ಕಾಣಲೆಂದು ಅಂಕಿ ಸೇರಿಸುವುದು ಸರಿಯಲ್ಲ. ಪೂರ್ಣಾಂಕ ಬಂದಾಗ ಬಿಂದು ಮತ್ತು ಅದರ ಮುಂದಿನ ಅಂಕಿಯ ಜಾಗದಲ್ಲಿ ಎರಡು ಖಾಲಿ ಸ್ಥಾನ ಬಿಟ್ಟರೆ ಬಿಡಿಸ್ಥಾನಗಳು ಸರಿಯಾಗಿ ಒಂದರ ಕೆಳಗೊಂದು ನಿಲ್ಲುತ್ತವೆ.

ಇದು ಹೊಸ ಆಲೋಚನೆಯೂ ಅಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಅವರು 1970ರ ದಶಕದಲ್ಲಿ ಬರೆದ ಟಿಬಿಎಲ್ ಎಂಬ ಕೋಷ್ಟಕ ಕಾರ್ಯಕ್ರಮದಲ್ಲಿ ಸಂಖ್ಯೆಗಳಿಗೆಂದೇ ಒಂದು ಬಗೆಯ ಕಾಲಮ್ ಇದೆ. ಅದು ಅಂಕಿಗಳನ್ನು ಬದಲಿಸದೆ ದಶಮಾಂಶ ಬಿಂದುವಿನ ನೇರಕ್ಕೆ ನಿಲ್ಲಿಸುತ್ತದೆ.

ಹಿಂಜವಡಿ_ಹೊರಠಾಣೆ, ಪುಣೆ

ಮಳೆಯ ಪಟ್ಟಿಗೆ ಟಿಬಿಎಲ್ ಕಲಿಯಬೇಕೆ? ಪಾರ್ಕಿಂಗ್ ಚೀಟಿ ಬರೆಯಲು ವಕೀಲರನ್ನು ಕರೆದಂತಾಯಿತು.

ಮಾಟುಂಗ_ಗ್ರಂಥಪಾಲ, ಮುಂಬೈ

ದಶಮಾಂಶದ ಜಗಳ ಮುಂದುವರಿಯಲಿ, ಆದರೆ ಮೂಲ ಪ್ರಶ್ನೆಯಲ್ಲಿದ್ದ ಒಂದು ಮಾತನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಹೆಸರುಗಳು ಕನ್ನಡದಲ್ಲಿವೆ. ನಿಜವಾದ ತೊಡಕು ಇರುವುದು ಅಲ್ಲಿಯೇ.

ಅಕ್ಷರಗಳನ್ನು ಕಡತದಲ್ಲಿ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ (ಮೂಲಾಕ್ಷರ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು) 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ‘ಪುಣೆ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್‌ಗೆ ನಾಲ್ಕು ಸಂಕೇತ, ಕಡತದಲ್ಲಿ 12 ಬೈಟ್. ‘ಸಾಂತಾಕ್ರೂಜ್’ ಎಂಬುದರಲ್ಲಿ 11 ಸಂಕೇತಗಳಿದ್ದು ಅದು 33 ಬೈಟ್ ಆಗುತ್ತದೆ. ಈಗ ಆದೇಶಗಳನ್ನು ನಡೆಸುವ ಬ್ಯಾಶ್ ಶೆಲ್‌ನ ಪ್ರಿಂಟ್‌ಎಫ್‌ಗೆ ಅಗಲ 20 ಎಂದು ಹೇಳಿದರೆ ಅದು ಬೈಟ್‌ಗಳನ್ನು ಎಣಿಸುತ್ತದೆ. ಹಾಗಾಗಿ ‘ಪುಣೆ’ಯ ಮುಂದೆ 8 ಖಾಲಿ ಜಾಗ ಬಿಡುತ್ತದೆ, ‘ಸಾಂತಾಕ್ರೂಜ್’ನ ಮುಂದೆ ಒಂದನ್ನೂ ಬಿಡುವುದಿಲ್ಲ. ಗ್ನೂ ಆಕ್ ಸಂಕೇತಗಳನ್ನು ಎಣಿಸುವುದರಿಂದ ಕ್ರಮವಾಗಿ 16 ಮತ್ತು 9 ಖಾಲಿ ಜಾಗ ಬಿಡುತ್ತದೆ. ಉಬುಂಟುವಿನಲ್ಲಿ ಮೊದಲಿನಿಂದ ಬರುವುದು ಮಾಕ್ ಎಂಬ ಇನ್ನೊಂದು ಬಗೆಯ ಆಕ್, ಗ್ನೂ ಆಕ್ ಅಲ್ಲ, ಮತ್ತು ಮಾಕ್ ಬೈಟ್ ಎಣಿಸುವ ಪಂಗಡಕ್ಕೆ ಸೇರಿದ್ದು. ಅಗಲದ ಬದಲು ಗರಿಷ್ಠ ಉದ್ದ 10 ಎಂದು ಕೊಟ್ಟರಂತೂ ಬ್ಯಾಶ್ ನಾಲ್ಕನೆಯ ಸಂಕೇತವನ್ನು ಅರ್ಧಕ್ಕೆ ಕತ್ತರಿಸಿ ಪ್ರಶ್ನೆಚಿಹ್ನೆಯ ಡಬ್ಬಿಯೊಂದನ್ನು ಉಳಿಸುತ್ತದೆ.

ಮುಲುಂಡ್_ಮಳೆಗಾರ, ಮುಂಬೈ

ಈಗ ಅರ್ಥವಾಯಿತು. ಕಾಲಮ್ ಆದೇಶ ಬಳಸಿದಾಗ ‘ಬಹುಮಟ್ಟಿಗೆ’ ಸರಿಹೋಯಿತು ಎಂದು ನಾನು ಬರೆದದ್ದು ಇದೇ ಕಾರಣಕ್ಕೆ. ಕೆಲವು ಸಾಲುಗಳು ಒಂದೋ ಎರಡೋ ಸ್ಥಾನ ಆಚೀಚೆ ಸರಿಯುತ್ತಿದ್ದವು. ಹಾಗಾದರೆ ಕಾಲಮ್ ಏನನ್ನು ಎಣಿಸುತ್ತದೆ?

ಮಾಟುಂಗ_ಗ್ರಂಥಪಾಲ, ಮುಂಬೈ

ಲಿನಕ್ಸ್‌ನ ಕಾಲಮ್ ಬೈಟನ್ನೂ ಎಣಿಸುವುದಿಲ್ಲ, ಸಂಕೇತವನ್ನೂ ಎಣಿಸುವುದಿಲ್ಲ, ಪರದೆಯ ಮೇಲಿನ ಅಗಲವನ್ನು ಲೆಕ್ಕ ಹಾಕುತ್ತದೆ. ಅದಕ್ಕಾಗಿ ಸಿ ಭಾಷೆಯ ಡಬ್ಲ್ಯೂಸಿವಿಡ್ತ್ ಎಂಬ ಕಾರ್ಯವನ್ನು ಕೇಳುತ್ತದೆ. ಆ ಕಾರ್ಯ ಪ್ರತಿ ಸಂಕೇತಕ್ಕೂ 0, 1 ಅಥವಾ 2 ಎಂಬ ಅಗಲವನ್ನು ಹೇಳುತ್ತದೆ. ಚೀನೀ ಅಕ್ಷರಗಳಿಗೆ 2, ರೋಮನ್ ಅಕ್ಷರಗಳಿಗೆ 1, ಅಲ್ಲಿಯವರೆಗೆ ಯಾವ ಗೊಂದಲವೂ ಇಲ್ಲ. ಕನ್ನಡದ ಸ್ವರಚಿಹ್ನೆಗಳನ್ನು ಮಾತ್ರ ಯೂನಿಕೋಡ್ ಎರಡು ಗುಂಪು ಮಾಡಿದೆ. ಇಕಾರ ಮತ್ತು ಎಕಾರದ ಚಿಹ್ನೆಗಳು ಹಾಗೂ ವ್ಯಂಜನದ ಸ್ವರ ತೆಗೆಯುವ ಹಲಂತದ ಚಿಹ್ನೆ (್) ಜಾಗ ತೆಗೆದುಕೊಳ್ಳದ ಗುಂಪಿನಲ್ಲಿವೆ. ಆಕಾರ, ಉಕಾರ, ಅನುಸ್ವಾರಗಳು ಜಾಗ ತೆಗೆದುಕೊಳ್ಳುವ ಗುಂಪಿನಲ್ಲಿವೆ. ಲಿನಕ್ಸ್‌ನ ಸಿ ಗ್ರಂಥಾಲಯವಾದ ಜಿಲಿಬ್‌ಸಿ ಪ್ರಕಾರ ‘ಪುಣೆ’ಯ ಅಗಲ 3, ‘ಪಣಜಿ’ಯ ಅಗಲವೂ 3. ನಮ್ಮ ಕಣ್ಣಿಗೆ ಮೊದಲನೆಯದು ಎರಡಕ್ಷರ, ಎರಡನೆಯದು ಮೂರಕ್ಷರ.

ಒತ್ತಕ್ಷರದ ಕಥೆ ಇನ್ನೂ ಸೊಗಸು. ‘ಕ್ರೂ’ ಎಂಬಲ್ಲಿ ರಕಾರ ಕೆಳಗೆ ಇಳಿದರೂ ಡಬ್ಲ್ಯೂಸಿವಿಡ್ತ್ ಅದಕ್ಕೆ ಅಡ್ಡದಲ್ಲಿ ಒಂದು ಪೂರ್ಣ ಸ್ಥಾನ ಕೊಡುತ್ತದೆ. ಇದರ ಮೇಲೆ, ಎಲ್ಲ ಗ್ರಂಥಾಲಯಗಳೂ ಇದೇ ಲೆಕ್ಕ ಒಪ್ಪುವುದಿಲ್ಲ. ಪೈಥಾನ್‌ನ ಡಬ್ಲ್ಯೂಸಿವಿಡ್ತ್ ಗ್ರಂಥಾಲಯದ ಇತ್ತೀಚಿನ ಆವೃತ್ತಿಗಳು ಆಕಾರ, ಉಕಾರದ ಗುಂಪಿಗೂ ಸೊನ್ನೆಯನ್ನೇ ಕೊಡುತ್ತವೆ. ಆದೇಶ ಒಂದು ಲೆಕ್ಕ ಹಾಕಿ, ಟರ್ಮಿನಲ್ ಇನ್ನೊಂದು ಲೆಕ್ಕ ಹಾಕಿದರೆ ಪಟ್ಟಿ ಸೊಟ್ಟಗಾಗಲೇಬೇಕು.

ಹಿಂಜವಡಿ_ಹೊರಠಾಣೆ, ಪುಣೆ

ಸರ್ವರ್‌ಗಳಲ್ಲಿ ಕಾರ್ಯಕ್ರಮಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನ ಪಟ್ಟಿಗಳು ಎಷ್ಟು ಚೆನ್ನಾಗಿ ಜೋಡಣೆಯಾಗುತ್ತವೆ. ಅದನ್ನು ಬರೆದ ಗೋ ಭಾಷೆಯಲ್ಲಿ ಟ್ಯಾಬ್‌ರೈಟರ್ ಎಂಬ ಗ್ರಂಥಾಲಯವಿದೆಯಲ್ಲ, ಅದನ್ನು ಬಳಸಿ ಹತ್ತು ಸಾಲಿನ ಕಾರ್ಯಕ್ರಮ ಬರೆದರೆ ಮುಗಿಯಿತು.

ಮಾಟುಂಗ_ಗ್ರಂಥಪಾಲ, ಮುಂಬೈ

ಟ್ಯಾಬ್‌ರೈಟರ್‌ನ ದಸ್ತಾವೇಜನ್ನು ಒಮ್ಮೆ ಓದಿ ನೋಡಿ. ಎಲ್ಲ ಯೂನಿಕೋಡ್ ಸಂಕೇತಗಳಿಗೂ ಒಂದೇ ಅಗಲವಿದೆ ಎಂದು ಭಾವಿಸಿದ್ದೇವೆ, ಅದು ಎಲ್ಲ ಕಡೆ ನಿಜವಾಗದಿರಬಹುದು ಎಂದು ಅವರೇ ಹೇಳಿದ್ದಾರೆ. ಕುಬರ್ನೆಟೀಸ್ ಪಟ್ಟಿಯಲ್ಲಿ ಕನ್ನಡದ ಹೆಸರು ಇರುವುದಿಲ್ಲವಾದ್ದರಿಂದ ಅದು ನಿಮಗೆ ಕಂಡಿಲ್ಲ.

ಕೋಥ್ರೂಡ್_ಕಾಮತ, ಪುಣೆ

ಹಾಗಾದರೆ ಅಗಲದ ಗೊಡವೆಯೇ ಬೇಡ. ಅಗಲ ಗೊತ್ತಿಲ್ಲದ ಕಾಲಮನ್ನು ಕೊನೆಯಲ್ಲಿ ಇಟ್ಟರೆ ಅದರ ನಂತರ ಜೋಡಿಸಬೇಕಾದದ್ದು ಏನೂ ಉಳಿಯುವುದಿಲ್ಲ.

```
944.2  ಸಾಂತಾಕ್ರೂಜ್
 73.4  ಕೊಲಾಬಾ
```

ಲಿನಕ್ಸ್‌ನಲ್ಲಿ ದೊಡ್ಡ ಓ ಆಯ್ಕೆಯಿಂದ ಮುದ್ರಿಸುವಾಗ ಮಾತ್ರ ಕ್ರಮ ಬದಲಾಗುತ್ತದೆ, ಕಡತ ಇದ್ದಂತೆಯೇ ಇರುತ್ತದೆ. ಮ್ಯಾಕ್‌ನಲ್ಲಿ ಇದೇ ಕೆಲಸವನ್ನು ಆಕ್‌ನಿಂದ ಮಾಡಿಸಬಹುದು.

ವಾಸ್ಕೋ_ಬಂದರು, ಗೋವಾ

ಉಪಾಯ ಚೆನ್ನಾಗಿದೆ, ಆದರೆ ಅವರ ಪಟ್ಟಿಯಲ್ಲಿ ಕನ್ನಡದ ಕಾಲಮ್‌ಗಳು ಎರಡಿವೆ. ಊರನ್ನು ಕೊನೆಗೆ ಹಾಕಿದರೆ ಷರಾ ಎಲ್ಲಿಗೆ ಹೋಗಬೇಕು? ಅಲ್ಲದೆ ಎಡದಿಂದ ಓದುವವರು ಮೊದಲು ಹುಡುಕುವುದು ಊರನ್ನು, ಮಿಲಿಮೀಟರನ್ನಲ್ಲ.

ಕೋಥ್ರೂಡ್_ಕಾಮತ, ಪುಣೆ

ಷರಾದ ಬದಲು ವರ್ಗದ ಅಂಕಿ ಬರೆಯಬಹುದು. ಹವಾಮಾನ ಇಲಾಖೆಯ ವರ್ಗೀಕರಣ ಸ್ಪಷ್ಟವಾಗಿಯೇ ಇದೆ: 64.5ರಿಂದ 115.5 ಮಿಲಿಮೀಟರ್‌ವರೆಗೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕಿಂತ ಮೇಲಿನದು ಅತ್ಯಂತ ಭಾರೀ ಮಳೆ. ಇವಕ್ಕೆ 1, 2, 3 ಎಂದು ಕೊಟ್ಟರೆ ಆ ಕಾಲಮ್‌ನ ಅಗಲ ಎಂದಿಗೂ ಒಂದೇ ಸ್ಥಾನ.

ಮುಲುಂಡ್_ಮಳೆಗಾರ, ಮುಂಬೈ

ಕ್ಷಮಿಸಿ, ‘ಸಯಾನ್‌ನಲ್ಲಿ ಹಳಿಗಳ ಮೇಲೆ ನೀರು’ ಎಂಬ ಷರಾಕ್ಕೆ ಯಾವ ಅಂಕಿ ಕೊಡಲಿ? ವರ್ಗವನ್ನು ಸಂಖ್ಯೆಯಿಂದ ಯಾವಾಗ ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು. ಲೆಕ್ಕಕ್ಕೆ ಸಿಗದ ಸಂಗತಿಯನ್ನು ಬರೆಯುವುದಕ್ಕೆಂದೇ ಷರಾ ಇಟ್ಟಿದ್ದೇನೆ.

ಕಲ್ಯಾಣ್_ಫಾಸ್ಟ್, ಮುಂಬೈ

ನಾನು ಇಂಥ ಪಟ್ಟಿಗಳನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡು, ಫೋನ್‌ನ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್‌ನಲ್ಲಿ ನೋಡುವವನು. ಅಲ್ಲಿ 80 ಸ್ಥಾನಗಳ ಅಗಲವೇ ಇರುವುದಿಲ್ಲ. ಐಬಿಎಂ 1928ರಲ್ಲಿ ತಂದ 80 ಕಾಲಮ್‌ಗಳ ರಂಧ್ರಪತ್ರದ ಅಳತೆಯನ್ನು 1978ರ ವಿಟಿ100 ಟರ್ಮಿನಲ್ ಕೂಡ ಉಳಿಸಿಕೊಂಡಿತು, ನಾವೂ ಅದನ್ನೇ ಹಿಡಿದುಕೊಂಡು ಕೂತಿದ್ದೇವೆ. ಇಕ್ಕಟ್ಟಾದ ಪರದೆಯಲ್ಲಿ ಉದ್ದದ ಸಾಲು ಮುರಿದು ಕೆಳಗೆ ಬಿದ್ದರೆ ಯಾವ ಜೋಡಣೆಯೂ ಉಳಿಯುವುದಿಲ್ಲ. ಕಡತವನ್ನು ಪುಟಪುಟವಾಗಿ ತೋರಿಸುವ ಲೆಸ್ ಆದೇಶಕ್ಕೆ ದೊಡ್ಡ ಎಸ್ ಆಯ್ಕೆ ಕೊಟ್ಟರೆ ಸಾಲು ಮುರಿಯುವುದಿಲ್ಲ, ಬಾಣದ ಕೀಲಿಯಿಂದ ಪಕ್ಕಕ್ಕೆ ಸರಿಯಬಹುದು. ಮಿಲ್ಲರ್‌ನಲ್ಲಿ ಪ್ರತಿ ದಾಖಲೆಯನ್ನು ಮೇಲಿನಿಂದ ಕೆಳಕ್ಕೆ, ಒಂದು ಸಾಲಿಗೆ ಒಂದು ಮಾಹಿತಿಯಂತೆ ತೋರಿಸುವ ವಿಧಾನವೂ ಇದೆ. ಫೋನ್‌ಗೆ ಅದೇ ಹಿತ.

ಡೊಂಬಿವಲಿ_ಡೆಬಿಯನ್, ಮುಂಬೈ

ಎರಡು ಕನ್ನಡ ಕಾಲಮ್‌ಗಳ ಸಮಸ್ಯೆಗೆ ಒಂದು ಹಳೆಯ ದಾರಿ ಇದೆ. ನಾವೆಲ್ಲ ಇದುವರೆಗೆ ಆದೇಶವೇ ಅಗಲವನ್ನು ಊಹಿಸಿ ಖಾಲಿ ಜಾಗ ತುಂಬಬೇಕು ಎಂದುಕೊಂಡು ಮಾತನಾಡುತ್ತಿದ್ದೇವೆ. ಆದರೆ ಅಕ್ಷರ ಎಷ್ಟು ಜಾಗ ಹಿಡಿಯಿತು ಎಂಬುದು ಖಚಿತವಾಗಿ ಗೊತ್ತಿರುವುದು ಅದನ್ನು ಬಿಡಿಸಿದ ಟರ್ಮಿನಲ್‌ಗೆ. ಜೋಡಣೆಯನ್ನು ಅದಕ್ಕೇ ಬಿಟ್ಟರೆ ಆಯಿತು.

ಟ್ಯಾಬ್ ನಿಲ್ದಾಣಗಳು ಪ್ರತಿ 8 ಸ್ಥಾನಗಳಿಗೊಂದು ಇರುತ್ತವೆ ಎಂದು ನಾನು ಮೊದಲೇ ಬರೆದಿದ್ದೆ, ಆದರೆ ಅವು ಅಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಟ್ಯಾಬ್ಸ್ ಎಂಬ ಆದೇಶಕ್ಕೆ 1,20,30 ಎಂದು ಕೊಟ್ಟರೆ ಟರ್ಮಿನಲ್ ತನ್ನ ನಿಲ್ದಾಣಗಳನ್ನು 1, 20 ಮತ್ತು 30ನೇ ಸ್ಥಾನಗಳಿಗೆ ಬದಲಿಸಿಕೊಳ್ಳುತ್ತದೆ. ಆಮೇಲೆ ಟ್ಯಾಬ್‌ನಿಂದ ಬೇರ್ಪಡಿಸಿದ ಕಡತವನ್ನು ಕ್ಯಾಟ್ ಆದೇಶದಿಂದ ಸುಮ್ಮನೆ ಸುರಿದರೆ ಸಾಕು. ಕೆಲಸ ಮುಗಿದ ಮೇಲೆ ಅದೇ ಆದೇಶಕ್ಕೆ ಮೈನಸ್ 8 ಎಂದು ಕೊಟ್ಟರೆ ಹಳೆಯ ಸ್ಥಿತಿಗೆ ಮರಳುತ್ತದೆ. ಮ್ಯಾಕ್‌ನಲ್ಲೂ ಇದು ಇದೆ. ಷರತ್ತು ಒಂದೇ: ನಿಲ್ದಾಣಗಳ ನಡುವಿನ ಅಂತರ ಅತಿ ಉದ್ದದ ಹೆಸರಿಗಿಂತ ಹೆಚ್ಚಿರಬೇಕು.

ಮಾಟುಂಗ_ಗ್ರಂಥಪಾಲ, ಮುಂಬೈ

ಇದು ನಿಜಕ್ಕೂ ಒಪ್ಪುವಂಥ ಮಾತು. ಒಂದು ಸೇರ್ಪಡೆ ಮಾತ್ರ ಇದೆ. ಟರ್ಮಿನಲ್ ಹಲವು ಬಾರಿ ಕನ್ನಡಕ್ಕೆ ನೋಟೋ ಸ್ಯಾನ್ಸ್ ಕನ್ನಡದಂಥ, ಅಕ್ಷರಕ್ಕೊಂದು ಅಗಲವಿರುವ ಅಕ್ಷರಶೈಲಿಯನ್ನು ಎರವಲು ಪಡೆಯುತ್ತದೆ. ಹಾಗಾಗಿ ಹೆಸರಿನ ಒಳಗೆ ಅಕ್ಷರಗಳು ಒತ್ತಿಕೊಂಡಂತೆ ಅಥವಾ ಬಿಡಿಬಿಡಿಯಾಗಿ ಕಾಣಬಹುದು. ಆದರೂ ಮುಂದಿನ ಕಾಲಮ್ ತನ್ನ ಜಾಗದಿಂದಲೇ ಆರಂಭವಾಗುತ್ತದೆ. ಲೆಸ್‌ನೊಳಗೆ ಮಾತ್ರ ಈ ಭರವಸೆ ಇಲ್ಲ, ಏಕೆಂದರೆ ಲೆಸ್ ಟ್ಯಾಬ್‌ಗಳನ್ನು ತಾನೇ ಖಾಲಿ ಜಾಗಗಳಾಗಿ ಬಿಡಿಸುತ್ತದೆ, ಅಗಲವನ್ನೂ ತಾನೇ ಲೆಕ್ಕ ಹಾಕುತ್ತದೆ.

ಹಿಂಜವಡಿ_ಹೊರಠಾಣೆ, ಪುಣೆ

ಇದನ್ನೇ ವಾಟ್ಸಾಪ್ ಗುಂಪಿಗೆ ಕಳಿಸಬೇಕಾದರೆ? ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿದರೆ ಅಲ್ಲೂ ಸಮಾನ ಅಗಲದ ಅಕ್ಷರ ಬರುತ್ತದೆ.

ಮಾಟುಂಗ_ಗ್ರಂಥಪಾಲ, ಮುಂಬೈ

ರೋಮನ್ ಅಕ್ಷರಗಳಿಗೆ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ಅಲ್ಲಿಗೆ ಕಾಮತರ ಉಪಾಯವೇ ಸರಿ: ಸಂಖ್ಯೆ ಮೊದಲು, ನಂತರ ಊರು, ಊರಿನ ಪಕ್ಕದಲ್ಲೇ ಅರ್ಧವಿರಾಮ ಹಾಕಿ ಷರಾ.

ಕೋಥ್ರೂಡ್_ಕಾಮತ, ಪುಣೆ

ಜೋಡಿಸಿದ ಪಟ್ಟಿಯನ್ನು ಮತ್ತೆ ಕಡತಕ್ಕೆ ಬರೆದು ಅದನ್ನೇ ಮೂಲವನ್ನಾಗಿ ಮಾಡಿಕೊಳ್ಳಬೇಡಿ ಎಂದು ಮುಲುಂಡ್‌ನವರಿಗೆ ವಿಶೇಷವಾಗಿ ಹೇಳಬೇಕು. ಖಾಲಿ ಜಾಗಗಳಿಂದ ಅಲಂಕರಿಸಿದ ಸಾಲನ್ನು ಮರುದಿನ ಆಕ್‌ಗೆ ಕೊಟ್ಟರೆ ‘ಸಂಜೆ ಜೋರು ಮಳೆ’ ಮತ್ತೆ ಮೂರು ಹೋಳಾಗುತ್ತದೆ. ಕಡತದಲ್ಲಿ ಟ್ಯಾಬ್ ಮಾತ್ರ ಇರಲಿ, ಜೋಡಣೆ ಪೈಪ್‌ನ ಕಟ್ಟಕಡೆಯ ಹಂತದಲ್ಲಿ ಆಗಲಿ.

ವಾಸ್ಕೋ_ಬಂದರು, ಗೋವಾ

ನನ್ನದೊಂದು ಪಕ್ಕದ ಪ್ರಶ್ನೆ. ಇಲ್ಲಿ ನಮಗೆ ನಿಮಿಷಕ್ಕೊಮ್ಮೆ ಹೊಸ ಸಾಲು ಸೇರುವ ಲಾಗ್ ಕಡತವಿದೆ. ಕಡತದ ಕೊನೆಗೆ ಸೇರುವ ಸಾಲುಗಳನ್ನು ತೋರಿಸುತ್ತ ಹೋಗುವಂತೆ ಟೇಲ್ ಆದೇಶಕ್ಕೆ ಎಫ್ ಆಯ್ಕೆ ಕೊಟ್ಟು ಕಾಲಮ್‌ಗೆ ಪೈಪ್ ಮಾಡಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಎಷ್ಟು ಹೊತ್ತು ಕಾದರೂ ಅಷ್ಟೇ.

ಡೊಂಬಿವಲಿ_ಡೆಬಿಯನ್, ಮುಂಬೈ

ಬರುವಂತೆಯೇ ಇಲ್ಲ. ಅತಿ ಉದ್ದದ ಮನೆ ಯಾವುದು ಎಂದು ತಿಳಿಯಲು ಕಾಲಮ್ ಕೊನೆಯ ಸಾಲಿನವರೆಗೂ ಓದಬೇಕು, ಮತ್ತು ನಿಮ್ಮ ಟೇಲ್‌ಗೆ ಕೊನೆಯ ಸಾಲು ಎಂಬುದೇ ಇಲ್ಲ. ಹರಿಯುವ ಲಾಗ್‌ಗೆ ಅಗಲವನ್ನು ಮೊದಲೇ ನಿಗದಿ ಮಾಡಬೇಕು: ರೋಮನ್ ಅಕ್ಷರಗಳಾದರೆ ಆಕ್‌ನ ಪ್ರಿಂಟ್‌ಎಫ್, ಕನ್ನಡವಾದರೆ ಟ್ಯಾಬ್ಸ್. ಟ್ಯಾಬ್ಸ್ ಯಾವ ಸಾಲನ್ನೂ ತಡೆದು ಹಿಡಿಯುವುದಿಲ್ಲ. ನಡುವೆ ಸಾಲುಗಳನ್ನು ಹುಡುಕಿ ಆರಿಸುವ ಗ್ರೆಪ್ ಇದ್ದರೆ ಅದಕ್ಕೆ ಲೈನ್-ಬಫರ್ಡ್ ಆಯ್ಕೆ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ಸಾಲುಗಳನ್ನು ಗುಂಪುಗಟ್ಟಿ ಕಳಿಸುತ್ತದೆ.

ವಾಸ್ಕೋ_ಬಂದರು, ಗೋವಾ

ಸಾಲುಗಳು ಬಂದಂತೆಲ್ಲ ನೇರವಾಗಿ ಬೀಳುತ್ತಿವೆ. ಆದರೆ ಒಂದೇ ಟರ್ಮಿನಲನ್ನು ಹಲವು ಕಿಟಕಿಗಳಾಗಿ ಹಂಚುವ ಟಿಮಕ್ಸ್‌ನಲ್ಲಿ ಪಕ್ಕಕ್ಕೆ ಹೊಸ ಕಿಟಕಿ ತೆರೆದರೆ ಅಲ್ಲಿ ಮತ್ತೆ 8ರ ಲೆಕ್ಕವೇ ಇದೆ.

ಡೊಂಬಿವಲಿ_ಡೆಬಿಯನ್, ಮುಂಬೈ

ಟಿಮಕ್ಸ್‌ನ ಪ್ರತಿ ಕಿಟಕಿಯೂ ಸ್ವತಂತ್ರ ಟರ್ಮಿನಲ್ ಇದ್ದಂತೆ, ಅದರ ನಿಲ್ದಾಣಗಳೂ ಅದರವೇ. ಟ್ಯಾಬ್ಸ್ ಮತ್ತು ಟೇಲ್ ಎರಡನ್ನೂ ಒಂದು ಚಿಕ್ಕ ಶೆಲ್ ಕಾರ್ಯದಲ್ಲಿ ಒಟ್ಟಿಗೆ ಬರೆದಿಟ್ಟು, ಲಾಗ್ ನೋಡುವ ಕಿಟಕಿಯಲ್ಲಿ ಅದನ್ನೇ ಕರೆಯಿರಿ.